ಹಡಗಿನವನ ಇಂಗ್ಲಿಷ್ ಪರೀಕ್ಷೆ

ಬೆಣ್ಣೆಯಲ್ಲಿ ಹುರಿದ ಎಲೆಕೋಸಿನ ವಾಸನೆಯೆಂದರೆ ನನಗೆ ಅಜ್ಜಿಯ ಒಲೆಯ ನೆನಪು. ರಷ್ಯಾದ ಬಂದರು ಮುರ್ಮಾನ್ಸ್ಕಿನಲ್ಲಿ, ನಾವಿಕರ ಇಂಗ್ಲಿಷ್ ಪರೀಕ್ಷೆಯ ಕಚೇರಿಯಲ್ಲಿ, ಅದು ಪಕ್ಕದವಳ ಚೀಲದಿಂದ ಬರುತ್ತಿತ್ತು. ಹಡಗಿನ ಮೆಕ್ಯಾನಿಕ್ ಆಗಿದ್ದ ಅವಳ ತಂದೆ ಸಿಡುಕುತ್ತಿದ್ದ.

“ಇಂಗ್ಲಿಷಿನೋರಿಗೆ ‘ಎ’ ಯಾಕೆ, ‘ದ’ ಯಾಕೆ? ಎಂಜಿನ್ ಅಂದ್ರೆ ಎಂಜಿನ್!”

“ಯಾವ ಎಂಜಿನ್ ಅಂತ ಅವರಿಗೆ ತಿಳೀಬೇಕಲ್ಲಪ್ಪ! ನೂರು ಸಲ ಹೇಳಿದೀನಿ!”

“ಇಪ್ಪತ್ತೆಂಟು ವರ್ಷ ‘ದ’ ಇಲ್ದೇ ರಿಪೇರಿ ಮಾಡಿದೀನಿ. ಒಂದಾದ್ರೂ ಹಡಗು ಮುಳುಗ್ತಾ?”

“ಈ ಸಲಾನೂ ಫೇಲಾದ್ರೆ ನಿನ್ನ ಯಾರೂ ಹಡಗು ಹತ್ಸಲ್ಲ!”

“ಹೋಗೇ ದೆವ್ವದ ಹತ್ರ!”

ಒಳಗಿನಿಂದ ಅವನ ಹೆಸರು ಕೂಗಿದರು. ಅವನು ಎದ್ದು ನಿಂತ.

“ಪುಕ್ಕವೂ ಸಿಗದಿರಲಿ, ಗರಿಯೂ ಸಿಗದಿರಲಿ,” ಎಂದು ಅವಳು ಹಾರೈಸಿದಳು; ದೃಷ್ಟಿ ತಾಗದಿರಲೆಂದು ಬೇಟೆಗೆ ಹೊರಟವರಿಗೆ ಹೇಳುತ್ತಿದ್ದ ಉಲ್ಟಾ ಹಾರೈಕೆ ಅದು. ಅದಕ್ಕೆ ‘ದೆವ್ವದ ಹತ್ರ ಹೋಗು’ ಎಂದು ಉತ್ತರಿಸಿದರೆ ಮಾತ್ರ ಶುಭವೆಂಬುದು ನಮ್ಮ ರೂಢಿ.

“ಹೇಳಪ್ಪ.”

“ಬಾಯಿ ಬರ್ತಿಲ್ಲ ಜೀನಾ. ಆಗ್ಲೇ ಸಿಟ್ಟಲ್ಲಿ ನಿಂಗೆ ಹೇಳ್ಬಿಟ್ಟೆನಲ್ಲ.”

ಅವಳು ಚೀಲದಿಂದ ಕೋಸಿನ ಕಡುಬಿನ ಪೊಟ್ಟಣ ತೆಗೆದು ಅವನ ಕೈಗಿಟ್ಟಳು.