ಸೌನಾದಲ್ಲಿ ಇರ್ಮಾಳ ನಿದ್ದೆ

ಥಂಡರ್ ಬೇ ಊರಿನಲ್ಲಿ ಒಂದು ಡಿಸೆಂಬರ್ ಸಂಜೆ ಮುಳುಗುತ್ತಿದ್ದ ಸೂರ್ಯನನ್ನು ಬರಿಗೈಯಲ್ಲಿ ಎಳೆದು ನಿಲ್ಲಿಸಿದವನು ನಾನು. ಹಾಗಾಗಿ ಬೆಳಕಿನ ಮಾತು ಎಲ್ಲಿ ಬಂದರೂ ನನ್ನ ಕಿವಿ ಅಲ್ಲಿಗೇ ಓಡುತ್ತದೆ. ಮೊನ್ನೆ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಮ್ಮ ಬೀದಿಯ ಎಸ್ಕೊ, ಅವನ ಹೆಂಡತಿ ಇರ್ಮಾ ನಿಂತಿದ್ದರು.

"ಹೆಂಡ್ತಿ ನೆಲಮಾಳಿಗೆಯ ಸೌನಾದಲ್ಲಿ, ಹಬೆಸ್ನಾನದ ಕೋಣೇಲಿ ಮಲಗ್ತಾಳೆ ಅಂದ್ರೆ ಜನ ಏನಂದ್ಕೋತಾರೆ?"

"ಗಂಡ ಮಂಚದ ಮೇಲೆ ಆಪರೇಷನ್ ದೀಪ ಹಾಕಿದ್ದಾನೆ ಅಂದ್ಕೋತಾರೆ."

"ಹಗಲು ಬೆಳಕಿನ ಎಲ್‌ಇಡಿ ಅದು! ಚಳಿಗಾಲದ ಮಂಕು ಹೋಗ್ಲಿ ಅಂತ ನಿಂಗೋಸ್ಕರ ಹಾಕಿದ್ದು."

"ಅಡುಗೆಮನೆಗೆ ಹಾಕು, ಬೆಳಗಿನ ಕಾಫಿಗೆ ಚೆನ್ನಾಗಿರುತ್ತೆ. ಮಲಗೋ ಹೊತ್ತಲ್ಲಿ ಅಷ್ಟು ಬೆಳ್ಳಗಿದ್ರೆ ನಿದ್ದೆ ಹತ್ತಿರ ಸುಳಿಯಲ್ಲ, ಮಾರಾಯ."

"ಕಣ್ಣೂ ಹಾಳಾಯ್ತು ಅಂತೀಯಾ?"

"ಕಣ್ಣಿಗೇನೂ ಆಗಿಲ್ಲ, ಡಾಕ್ಟ್ರೇ ನೋಡಿ ಹೇಳಿದ್ರಲ್ಲ. ಕೆಟ್ಟಿದ್ದು ನಿದ್ದೆ. ಸೌನಾದ ಮಂದ ದೀಪದಲ್ಲಿ ಬೆಂಚಿಗೆ ಒರಗಿದ್ರೆ ಸಾಕು, ಗೊರಕೆ."

"ಹಾಗಾದ್ರೆ ಎಲ್‌ಇಡಿನೇ ಬೇಡ್ವಾ?"

"ಎಲ್‌ಇಡಿನೇ ಇರ್ಲಿ. ಹಳದಿ ಬೆಳಕಿಂದು, ಸಣ್ಣದು ತಗೋ."

"ತಗೊಂಡ್ರೆ ಇವತ್ತು ಮಂಚಕ್ಕೆ ವಾಪಸ್ ಬರ್ತೀಯಾ?"

"ನೀನು ಬಲ್ಬ್ ಬದಲಾಯ್ಸು. ದಿಂಬು ನಾನೇ ತರ್ತೀನಿ."

ಎಸ್ಕೊನ ಮುಖ ನಾನೂರು ವೋಲ್ಟಿನ ದೀಪದ ಹಾಗೆ ಬೆಳಗಿತು. ಹಳದಿ ಬಲ್ಬ್ ಕೊಂಡು ಹೊರಡುವಾಗ ಇರ್ಮಾ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು.

"ನೀನೂ ಹಗಲು ಬೆಳಕಿಂದೇ ಹಿಡ್ಕೊಂಡಿದ್ದೀಯಲ್ಲ? ಯಾವ ಕೋಣೆಗೆ?"

"ಗ್ಯಾರೇಜಿಗೆ," ಎಂದೆ ಧೈರ್ಯವಾಗಿ.

"ಗ್ಯಾರೇಜಿಗೆ ಬಲ್ಬ್ ಹಾಕೋನ ಕಣ್ಣು ಹಿಂಗೆ ಕೆಂಪಗಿರುತ್ತಾ?"

"ಮಲಗೋ ಕೋಣೆಗೇ ಕಣಮ್ಮಾ," ಎಂದು ಒಪ್ಪಿಕೊಂಡೆ. "ಅಲ್ಲಿ ಇಂಥದ್ದೇ ಇನ್ನೊಂದು ಈಗಾಗ್ಲೇ ಉರೀತಿದೆ. ನಾನೂ ಸರಿಯಾಗಿ ನಿದ್ದೆ ಮಾಡಿ ತಿಂಗಳಾಯ್ತು."

ಅವರಿಬ್ಬರೂ ನಗುತ್ತ ಬಾಗಿಲ ಕಡೆ ನಡೆದರು. ನಾನು ಸಾಲು ಬಿಟ್ಟು ಹಳದಿ ಬಲ್ಬಿನ ಕಡೆ ನಡೆದೆ.