ಬಿಟ್ಟಿ ಸಾಫ್ಟ್‌ವೇರಿನ ಮಿತಿ

2019ರ ಮಾರ್ಚ್ 14, ಬೆಳಿಗ್ಗೆ 8.40. ಬಸ್ ನಿಲ್ದಾಣದಲ್ಲಿ ಅಕ್ಕ, ತಮ್ಮ. ಅಕ್ಕನ ಮಡಿಲಲ್ಲಿ ಅವಳ ಹೆಣಿಗೆ ಯಂತ್ರದ ಸುಟ್ಟ ಸರ್ಕ್ಯೂಟ್ ಬೋರ್ಡ್.

“ಮೂರು ವಾರ ಕೂತು ಗೀಚಿದ್ಯಲ್ಲ, ಹೊಸ ಬೋರ್ಡ್ ಎಲ್ಲೋ?”

“ಬಿಟ್ಟಿ ಸಾಫ್ಟ್‌ವೇರ್ ಅಕ್ಕ. ಬೋರ್ಡ್ ಎಂಬತ್ತು ಚದರ ಸೆಂಟಿಮೀಟರ್ ದಾಟಿದ್ರೆ ಅದನ್ನ ಮಾಡಿಸೋಕೆ ಬೇಕಾದ ಫೈಲ್ ಕೊಡಲ್ವಂತೆ. ಎಲ್ಲ ಮುಗಿದ ಮೇಲೆ ಹೇಳ್ತು.”

“ಮೊದ್ಲೇ ಓದ್ಬಾರ್ದಿತ್ತಾ?”

“ನೋಡೋಕೆ ಚೆನ್ನಾಗಿತ್ತು, ಹಾಕ್ಕೊಂಡೆ.”

“ನಾನು ನಿಮ್ಮ ಭಾವನ್ನ ಒಪ್ಪಿದ ಹಾಗೆ.”

“ಇನ್ನೊಂದು ಬಿಟ್ಟಿ ಸಾಫ್ಟ್‌ವೇರ್ ಇದೆ, ಅದಕ್ಕೆ ಮಿತಿಯಿಲ್ಲ. ಆದ್ರೆ ಮೊದಲಿಂದ ಬರೀಬೇಕು.”

“ಮಿಷನ್ ನಿಂತು ಎರಡು ತಿಂಗಳು ಕಣೋ. ಇದನ್ನೇ ಚೂರು ಕಿರಿದು ಮಾಡೋಕಾಗಲ್ವಾ?”

“ತಿರುಪಿನ ತೂತು ಮಿಷನ್ನಿಗೆ ಕೂರಬೇಕಲ್ಲಕ್ಕ.”

ಬಸ್ಸು ಬಂತು.

“ಬರಿ ಹಾಗಾದ್ರೆ. ಈ ಸಲ ಓದ್ಕೊಂಡು ಬರಿ.”

ಬೋರ್ಡನ್ನು ಅವನ ಕೈಗಿಟ್ಟು ಅವಳು ಹತ್ತಿದಳು. ಹಿಂದೆಯೇ ಹತ್ತಿದ ತಮ್ಮ ಜೇಬಿನಿಂದ ಅಳತೆಪಟ್ಟಿ ತೆಗೆದು ಬೋರ್ಡನ್ನು ಮತ್ತೊಮ್ಮೆ ಅಳೆದ. ಹತ್ತೂಕಾಲು, ಎಂಟು: ಎಂಬತ್ತೆರಡು ಚದರ ಸೆಂಟಿಮೀಟರ್.