ಖಾಲಿ ಅಂತ ಒತ್ತಿದ ಬಟನ್

ಜುಂಜಪ್ಪ, ಗಾಡಿ ಕೀ ಜೇಬಲ್ಲಿಟ್ಕೊಂಡು ಕೂತ್ಕೊ. ಚೇಳೂರು ರೋಡಲ್ಲೇ ತಾನೇ ನೀನು ಹೋಗೋದು? ಹಂಗಾದ್ರೆ ಇದನ್ನ ಕೇಳ್ಕೊಂಡೇ ಹೋಗು. ನಗೋ ಹಂಗಿದ್ರೆ ಈಗ್ಲೇ ನಕ್ಕು ಮುಗಿಸ್ಬುಡು. ಮಧ್ಯದಲ್ಲಿ ನಕ್ಕರೆ ನಂಗೆ ಪಿತ್ತ ನೆತ್ತಿಗೇರುತ್ತೆ.

ಹೋದ ವರ್ಷ, ಮಾಗಿ ಚಳಿ. ಚೇಳೂರಲ್ಲಿ ನಮ್ಮ ಭಾವಮೈದನ ಮನೇಲಿ ರಾತ್ರಿ ಊಟ ಮುಗಿಸ್ಕೊಂಡು ಬೈಕಲ್ಲಿ ಬರ್ತಿದ್ದೆ. ಆಲದ ಮರ ಇನ್ನೂ ಅರ್ಧ ಮೈಲಿ ಇದೆ ಅನ್ನೋವಾಗ... ಪಂಕ್ಚರ್. ಶೆಟ್ಟಿಹಳ್ಳೀಲಿ ಇಪ್ಪತ್ತು ವರ್ಷದಿಂದ ಟಯರ್ ಅಂಗಡಿ ಇಟ್ಟಿರೋ ಈ ಹೊನ್ನಯ್ಯನ ಗಾಡಿಗೇ ಪಂಕ್ಚರ್! ನನ್ನನ್ನೇ ನಾನು ಬೈಕೊಂಡು ತಳ್ಕೊಂಡು ಬಂದೆ.

ಆ ಮರದ ಕೆಳಗೆ ಕಲ್ಲು ಕಟ್ಟಿದ ಬಾವಿ ಇದೆಯಲ್ಲ... ಅದರ ಪಕ್ಕ ಒಂದು ಕಾರು ನಿಂತಿತ್ತು. ಇಂಜಿನ್ ಆನ್ ಇದೆ. ಲೈಟೂ ಉರೀತಿದೆ, ಆದ್ರೆ ರೋಡಿಗೆ ಬೀಳ್ತಿಲ್ಲ. ಬಂಪರ್ ಮುಂದೆ ನಾಲ್ಕು ಮಾರು ನೆಲಕ್ಕೆ ಬಿದ್ದು ಅಲ್ಲಿಗೇ ಮುಗಿದೋಗಿದೆ. ಒಳಗೆ ಯಾರೋ ಮಾತಾಡ್ತಾವ್ರೆ. ಮೆಲ್ಲಗೆ, ಉಸಿರು ತಗೊಳ್ಳೋಕೂ ನಿಲ್ಲಿಸದಂಗೆ. ನಾನು ಕಿವಿ ಕೊಟ್ಟೆ.

"ಮಲಗ್ಬೇಡ ಕಣೇ... ಗುಬ್ಬಿ ಬಂದೇಬಿಡ್ತು... ಕಣ್ಣು ಬಿಡು, ಏನಾದ್ರೂ ಮಾತಾಡು..."

ಬಗ್ಗಿ ನೋಡ್ದೆ. ಹಿಂದಿನ ಸೀಟಲ್ಲಿ ಯಾರೂ ಇಲ್ಲ.

ಮುಂದೆ ಕೂತಿದ್ದೋನು ಲಕ್ಷ್ಮೀಕಾಂತ. ಚೇಳೂರೋನೇ, ಟ್ಯಾಕ್ಸಿ ಓಡಿಸ್ತಾನೆ, ಟಯರೆಲ್ಲ ನನ್ನ ಹತ್ರಾನೇ ಹಾಕ್ಸೋದು. ಹೆಂಡ್ತಿ ಬಿಂದುಶ್ರೀ ತೀರ್ಕೊಂಡು ಆಗ ಮೂರು ತಿಂಗಳಾಗಿತ್ತು. ಕೊಟ್ಟಿಗೇಲಿ ಹಾವು ಕಚ್ಚಿತ್ತು. ನಮ್ಮ ಕಡೆ ಅಂತಾರಲ್ಲ, ಹಾವು ಕಚ್ಚಿದೋರಿಗೆ ನೀರು ಕೊಡಬಾರದು, ಮಲಗಕ್ಕೆ ಬಿಡಬಾರದು, ನಿದ್ದೆ ಹತ್ತಿದ್ರೆ ವಿಷ ಏರುತ್ತೆ ಅಂತ. ಇವನು ಅವಳನ್ನ ಹಿಂದೆ ಎಡಗಡೆ ಸೀಟಲ್ಲಿ ಕೂರಿಸ್ಕೊಂಡು, ಮಾತಾಡಿಸ್ತಾ ಮಾತಾಡಿಸ್ತಾ ತುಮಕೂರಿಗೆ ಹೊಡ್ಕೊಂಡು ಬಂದಿದ್ದ. ಈ ಬಾವಿ ಹತ್ರ ಅವಳು ನೀರು ಕೇಳಿದ್ಲಂತೆ. ಇಳೀತೀನಿ ಅಂತ ಬಾಗಿಲ ಹಿಡಿ ಎಳೆದ್ಲಂತೆ. ಟಕ್... ಟಕ್... ಬಾಡಿಗೆ ಗಾಡಿ ನೋಡು, ಮಕ್ಕಳು ತೆಗೆದುಬಿಡ್ತಾರೆ ಅಂತ ಆ ಬಾಗಿಲಿಗೆ ಯಾವಾಗ್ಲೂ ಚೈಲ್ಡ್ ಲಾಕ್, ಒಳಗಿಂದ ತೆಗೆಯೋಕೇ ಆಗಲ್ಲ. ಬಾಗಿಲು ತೆರೀಲಿಲ್ಲ. ಇವನೂ ಗಾಡಿ ನಿಲ್ಲಿಸ್ಲಿಲ್ಲ. ಗುಬ್ಬಿ ದಾಟಿದ್ಮೇಲೆ ಆಸ್ಪತ್ರೆಗೆ ಫೋನ್ ಮಾಡೋಕೆ ಅಂತ ಎರಡು ನಿಮಿಷ ಅವಳ ಜೊತೆ ಮಾತು ನಿಲ್ಲಿಸಿದ. ತಿರುಗಿ ನೋಡಿದ್ರೆ ಮುಗಿದೋಗಿತ್ತು.

ಆ ಎರಡು ನಿಮಿಷ ಅವನನ್ನ ತಿಂದುಹಾಕ್ತು ಕಣೋ.

ಈಗ ಲೈಟಿನ ವಿಷಯ ಕೇಳು. ಅವನದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ದೊಡ್ಡ ಕಾರು. ಅಂಥ ಕಾರಲ್ಲಿ ಹಿಂದೆ ಜನ ಕೂತು ಗಾಡಿ ತಗ್ಗಿ ಮೂತಿ ಮೇಲೆದ್ರೆ, ಎದುರು ಬರೋನ ಕಣ್ಣಿಗೆ ಹೊಡೀಬಾರದು ಅಂತ ಹೆಡ್‌ಲೈಟ್ ತಾನೇ ಕೆಳಗೆ ಇಳಿಯುತ್ತೆ. ಜನ ಇಳಿದ್ರೆ ಮತ್ತೆ ಮೇಲೆ ಬರುತ್ತೆ. ಅದನ್ನ ಅಳೆಯೋಕೆ ಹಿಂದಿನ ಚಕ್ರದ ಹತ್ರ ಒಂದು ಸಣ್ಣ ಸೆನ್ಸರ್ ಇರುತ್ತೆ. ಆವತ್ತು ತುಮಕೂರಲ್ಲಿ ಬಿಂದುಶ್ರೀನ ಸ್ಟ್ರೆಚರಿಗೆ ಇಳಿಸ್ಕೊಂಡು ಹೋದ್ರು. ಲೈಟ್ ಮಾತ್ರ ಮೇಲೆ ಬರಲಿಲ್ಲ... ಮೂರು ತಿಂಗಳಾದ್ರೂ ಬರಲಿಲ್ಲ.

ನಾನು ಸುಮ್ನೆ ಇರಬಾರದಾ? ನನ್ನ ಬಾಯಿಗೆ ಬೀಗ ಇಲ್ಲ. ಸೆನ್ಸರ್ ಕೆಟ್ಟಿರುತ್ತೆ ಕಣಯ್ಯ, ನಾಳೆ ಅಂಗಡಿ ಹತ್ರ ಬಾ ಅಂದೆ. ಅವನು ನನ್ನ ಕೈ ಹಿಡ್ಕೊಂಡ. ಮೈಯೆಲ್ಲ ಮೂಳೆ. ಗಂಟಲು ಹೋಗಿ ಬರೀ ಗಾಳಿ ಬರ್ತಿತ್ತು.

"ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳಿ ಅಣ್ಣ, ಹೋಗಿ ನಿದ್ದೆ ಮಾಡ್ತೀನಿ. ಚೆನ್ನಾಗಿದ್ರೆ ಅವಳು ಇನ್ನೂ ಕೂತವಳೆ. ನಾನು ಮಾತು ನಿಲ್ಲಿಸಂಗಿಲ್ಲ."

ಬೆಳಿಗ್ಗೆ ಬಂದ. ನನ್ನ ಪಕ್ಕದ ಶೆಡ್ಡು ತಾರಿಖ್‌ದು, ಆಟೋ ಎಲೆಕ್ಟ್ರಿಷಿಯನ್. ನಲವತ್ತು ದಾಟಿದ ಆಸಾಮಿ, ಮಾತು ಕಮ್ಮಿ, ಅಳತೆ ಜಾಸ್ತಿ. ಕಾರಿನ ಕೆಳಗೆ ಮಲಗಿ ಸೆನ್ಸರಿನ ಕಡ್ಡಿ ನೋಡ್ದ, ನೆಟ್ಟಗಿದೆ. ಕನೆಕ್ಟರ್ ಬಿಚ್ಚಿ ನೋಡ್ದ, ತುಕ್ಕಿಲ್ಲ. ಮೀಟರ್ ಹಿಡಿದು ಕಡ್ಡಿನ ಮೆಲ್ಲಗೆ ಮೇಲೆ ಕೆಳಗೆ ಆಡಿಸ್ದ, ವೋಲ್ಟೇಜ್ ಎಲ್ಲೂ ತಡವರಿಸದೆ ಏರ್ತು, ಇಳೀತು. ಆದ್ರೂ ನನ್ನ ಮಾತು ಕೇಳಿ ಬೆಂಗಳೂರಿಂದ ಹೊಸ ಸೆನ್ಸರ್ ತರಿಸಿ ಹಾಕ್ದ. ಕೀ ತಿರುಗಿಸಿದ್ರೆ ಅದೇ ಲೈಟ್, ಅದೇ ನಾಲ್ಕು ಮಾರು.

ಆಮೇಲೆ ಕಾರನ್ನ ನನ್ನ ಅಲೈನ್‌ಮೆಂಟ್ ನೆಲದ ಮೇಲೆ ನಿಲ್ಲಿಸಿದ್ವಿ. ರಸಮಟ್ಟ ಇಟ್ಟು ನಾನೇ ಹಾಕ್ಸಿದ ನೆಲ ಅದು, ಸುಳ್ಳು ಹೇಳಲ್ಲ. ಟೇಪ್ ಹಿಡಿದ್ವಿ. ಹಿಂದೆ ಎಡಗಡೆ ಒಂದು ಬೆರಳು ತಗ್ಗು. ಡಿಕ್ಕಿ ಖಾಲಿ ಮಾಡಿದ್ವಿ, ಸ್ಟೆಪ್ನಿ ಇಳಿಸಿದ್ವಿ, ಕೊನೆಗೆ ಸ್ಪ್ರಿಂಗನ್ನೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ವಿ. ಮತ್ತೆ ಎಡಗಡೇನೇ ಒಂದು ಬೆರಳು... ತಾರಿಖ್ ಟೇಪ್ ಬಿಟ್ಟ. ಸರ್ರ್... ಟಪ್, ಅಂತ ಡಬ್ಬಿಯೊಳಕ್ಕೆ ಹೋಯ್ತು. ಇಬ್ಬರೂ ಆ ಸೀಟಿನ ಕಡೆ ನೋಡಲಿಲ್ಲ.

ಹೊರಗೆ ಬೆಂಚ್ ಮೇಲೆ ಲಕ್ಷ್ಮೀಕಾಂತ ಕೂತಲ್ಲೇ ತೂಕಡಿಸ್ತಿದ್ದ. ಬಾಯಿ ಮಾತ್ರ ಆಡ್ತಾನೇ ಇತ್ತು.

ಹೊಸ ಸೆನ್ಸರ್ ಹಾಕಿದ್ಮೇಲೆ ಅದಕ್ಕೆ ಲೆವೆಲ್ ಕಲಿಸ್ಬೇಕು. ಕಾರಿಗೆ ಸಿಕ್ಕಿಸೋ ಸ್ಕ್ಯಾನರ್ ಮಿಷಿನ್ ಒಂದೇ ಪ್ರಶ್ನೆ ಕೇಳುತ್ತೆ, ಗಾಡಿ ಖಾಲಿ ಇದೆಯಾ ಅಂತ. ಹೌದು ಅಂತ ಒತ್ತಿದ್ರೆ, ಆಗ ಕಾರು ಎಷ್ಟು ಎತ್ತರದಲ್ಲಿ ನಿಂತಿರುತ್ತೋ ಅದನ್ನೇ ಖಾಲಿ ಅಂತ ನಂಬ್ಕೊಳ್ಳುತ್ತೆ. ತಗ್ಗಿದ್ರೂ ಸರಿ, ಲೈಟ್ ನೆಟ್ಟಗೆ ನಿಂತ್ಬಿಡುತ್ತೆ. ತಾರಿಖ್ ಬೆರಳು ಅಲ್ಲಿಗೆ ಹೋಗಿ ನಿಂತ್ಕೊಂಡ್ತು.

"ಹೊನ್ನಯ್ಯಣ್ಣ," ಅಂದ ಪಿಸುದನೀಲಿ, "ಇದು ಸುಳ್ಳು ಸಾಕ್ಷಿ ಆಗುತ್ತೆ."

"ಒತ್ತು ಬುಡು," ಅಂದೆ ನಾನು. "ಅವನು ಮಲಗ್ಲಿ."

ಒತ್ತಿದ. ಝುಯ್ಯ್... ಅಂತ ಲೈಟಿನ ಸಣ್ಣ ಮೋಟರ್ ತಿರುಗ್ತು. ಎದುರು ಗೋಡೆ ಮೇಲೆ ಬೆಳಕು ಸರಿಯಾದ ಗೆರೆಗೆ ಬಂದು ನಿಂತ್ಕೊಂಡ್ತು. ಲಕ್ಷ್ಮೀಕಾಂತನ್ನ ಎಬ್ಬಿಸಿ ಹೇಳಿದೋನೂ ನಾನೇ, ಸೆನ್ಸರ್ ಹೋಗಿತ್ತು, ಬೇರೆ ಏನೂ ಇರಲಿಲ್ಲ ಅಂತ. ಅವನು ಗೋಡೆ ನೋಡ್ದ, ನನ್ನ ಮುಖ ನೋಡ್ದ, ಆಮೇಲೆ ಎಳೆ ಮಗು ಥರ ಅತ್ತುಬಿಟ್ಟ. ಪುಣ್ಯ ಕಟ್ಕೊಂಡೆ ಅಂದ್ಕೊಂಡೆ ನಾನು. ಥೂ!

ಹದಿನೆಂಟು ದಿನ ಚೆನ್ನಾಗಿದ್ದ. ನಿದ್ದೆ ಮಾಡ್ದ, ಗಡ್ಡ ತೆಗೆಸ್ದ, ಬಾಡಿಗೆಗೂ ಹೋದ. ಹತ್ತೊಂಬತ್ತನೇ ದಿನ ಇನ್ನೂ ಬೆಳಕು ಹರಿದಿರಲಿಲ್ಲ, ನಾನು ಮಲಗಿದ್ದ ಶೆಡ್ಡಿನ ಶಟರ್ ಬಡಿದ. ದಡ್... ದಡ್... ಎದ್ದು ಶಟರ್ ಎತ್ತಿದ್ರೆ ಕಾರು ಮುಂದೆ ನಿಂತಿದೆ, ಲೈಟ್ ನನ್ನ ಮೇಲೂ ಬಿದ್ದಿಲ್ಲ, ಶೆಡ್ಡಿನ ಮೇಲೂ ಬಿದ್ದಿಲ್ಲ. ಹಿಂದಿನ ತೆಂಗಿನ ಮರದ ಗರಿಗೆ ಹೊಡೀತಿದೆ.

ಕುಣಿಗಲ್ಲಿಗೆ ಬಾಡಿಗೆ ಹೋಗಿ, ಜನ ಇಳಿಸಿ, ರಾತ್ರಿ ಒಬ್ಬನೇ ಚೇಳೂರಿಗೆ ವಾಪಸ್ ಹೋಗ್ತಿದ್ದನಂತೆ. ಮಾತಿಲ್ಲ, ಕತೆ ಇಲ್ಲ, ಸುಮ್ನೆ. ಆ ಬಾವಿ ಹತ್ರ ಬರ್ತಿದ್ದಂಗೆ ಹಿಂದೆ ಸ್ಪ್ರಿಂಗ್ ಕಿರ್ರ್... ಅಂತಂತೆ, ಯಾರೋ ಸೀಟಿಂದ ಎದ್ದರೆ ಅನ್ನುತ್ತಲ್ಲ, ಹಂಗೆ. ಝುಯ್ಯ್ ಅಂತ ಲೈಟ್ ಮೇಲಕ್ಕೆದ್ದು ಆಲದ ಮರದ ತುದಿಗೆ ಹೋಗಿ ನಿಂತ್ಕೊಂಡ್ತಂತೆ. ಬ್ರೇಕ್ ಹೊಡೆದ. ಬೆಳಗಿನ ಜಾವದವರೆಗೂ ಅಲ್ಲೇ ನಿಂತು ಮಾತಾಡ್ದ, ಕೂಗ್ದ, ಬಾವಿಯಿಂದ ನೀರು ಸೇದಿ ಸೀಟಿನ ಮೇಲೆ ತಂದಿಟ್ಟ. ಲೈಟ್ ಇಳೀಲಿಲ್ಲ.

ಟೇಪ್ ಹಿಡಿದ್ವಿ. ಎಡ, ಬಲ, ಎರಡೂ ಸಮ. ಜುಂಜಪ್ಪ, ನಾವು ಅವಳನ್ನೂ ಸೇರಿಸಿ ಖಾಲಿ ಅಂತ ಒತ್ತಿದ್ವಲ್ಲ... ಈಗ ಎದ್ದು ಹೋದ ಆ ಒಂದು ಬೆರಳೇ ಲೈಟನ್ನ ಮರ ಹತ್ತಿಸಿತ್ತು. ಲಕ್ಷ್ಮೀಕಾಂತ ಟೇಪ್ ನೋಡ್ದ, ತಾರಿಖ್ ಮುಖ ನೋಡ್ದ. ತಾರಿಖ್ ತಲೆ ಎತ್ತಲಿಲ್ಲ.

"ಆವತ್ತು ಅವಳು ಇದ್ಲು," ಅಂದ ಲಕ್ಷ್ಮೀಕಾಂತ. ಕೇಳಿದ್ದಲ್ಲ, ಹೇಳಿದ್ದು. "ಹದಿನೆಂಟು ದಿನ ಹಿಂದೆ ಕೂತಿದ್ಲು, ನಾನು ಒಂದು ಮಾತೂ ಆಡಿಸ್ಲಿಲ್ಲ."

ನನ್ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರೋದು, ನಾಲ್ಕು ಬಿಟ್ಟಿದ್ರೂ ತಿನ್ಕೊಂಡು ಇರ್ತಿದ್ದೆ.

ಹಂಗೇ ಓಡಿಸಿದ್ರೆ ಎದುರಿನೋನ ಕಣ್ಣಿಗೆ ಹೊಡೆದು ಜನ ಸಾಯ್ತಾರೆ, ಲೈಟ್ ಇಳಿಸ್ಲೇಬೇಕಿತ್ತು. ತಾರಿಖ್ ಮತ್ತೆ ಸ್ಕ್ಯಾನರ್ ಹಾಕ್ದ. ಗಾಡಿ ಖಾಲಿ ಇದೆಯಾ ಅಂತ ಅದೇ ಪ್ರಶ್ನೆ ಬಂತು. ತಾರಿಖ್‌ಗೆ ಕೈ ಬರಲಿಲ್ಲ. ನಂಗೂ ಬರಲಿಲ್ಲ. ಲಕ್ಷ್ಮೀಕಾಂತ ಸ್ಕ್ಯಾನರ್ ಇಸ್ಕೊಂಡ, ಎಡಗಡೆ ಸೀಟನ್ನ ಒಂದು ಸಲ ಕೈಯಲ್ಲಿ ಸವರಿ ನೋಡ್ದ, ತಾನೇ ಒತ್ತಿದ.

ಲೈಟ್ ಸರಿಹೋಯ್ತು. ಆ ಕಾರನ್ನ ಈಗ್ಲೂ ಓಡಿಸ್ತಾನೆ. ಯಾರ ಜೊತೇನೂ ಮಾತಾಡಲ್ಲ. ಟಯರ್ ಬದಲಾಯಿಸೋಕೆ ಬಂದ್ರೂ ನಾಲ್ಕು ಬೆರಳು ತೋರಿಸ್ತಾನೆ, ಅಷ್ಟೇ.

ಸುಳ್ಳು ಅಂತೀಯಾ? ಅನ್ಕೋ. ಆ ಹಳೇ ಸೆನ್ಸರ್ ನನ್ನ ಗಲ್ಲಾಪೆಟ್ಟಿಗೇಲೇ ಇದೆ, ಯಾವ ಗಾಡಿಗಾದ್ರೂ ಹಾಕಿ ನೋಡು, ಕೆಲಸ ಮಾಡುತ್ತೆ. ಇನ್ನೊಂದು. ಆ ಹತ್ತೊಂಬತ್ತನೇ ದಿನ ಕಾರು ಶೆಡ್ಡಿಗೆ ಬಂದಾಗ ಹಿಂದಿನ ಎಡಗಡೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಒಂದು ಎಳೆ ತೆರೆದಿತ್ತು. ಬಾವಿ ಹತ್ರ ಲೈಟ್ ಮೇಲೆದ್ದಾಗ್ಲೇ ಮೀಟರ್ ಬೋರ್ಡಲ್ಲಿ ಆ ಬಾಗಿಲ ದೀಪ ಹತ್ತಿತ್ತಂತೆ. ನೀರನ್ನೂ ಅವನು ಬಲಗಡೆ ಬಾಗಿಲಿಂದಾನೇ ಇಟ್ಟಿದ್ದು, ಎಡಗಡೇದನ್ನ ಮುಟ್ಟೇ ಇಲ್ಲ. ನಾನು ಬಗ್ಗಿ ಬಾಗಿಲಿನ ಅಂಚು ನೋಡ್ದೆ.

ಚೈಲ್ಡ್ ಲಾಕ್ ಹಾಕೇ ಇತ್ತು.